ಹಿಂದಿನ ಕೋಣೆಗೆ ಸಿಗ್ನಲ್

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಒಬ್ಬರು ವೈಫೈ ಹಾಕಿಸಿಕೊಂಡರೆ ಸಂಜೆಯೊಳಗೆ ಅದರ ಪಾಸ್‌ವರ್ಡ್ ಹತ್ತು ಮನೆಗೆ ಗೊತ್ತಾಗಿರುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಗಳು. ಉಪ್ಪು ಕೇಳಿದರೆ ಇಲ್ಲವೆನ್ನದ ಜನ ಪಾಸ್‌ವರ್ಡ್ ಕೇಳಿದರೆ ಇಲ್ಲವೆನ್ನುವುದು ಹೇಗೆ? ಆಂಡರ್ಸನ್‌ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಇಲ್ಲಿಗೆ ಇಂಟರ್ನೆಟ್ ಎಳೆಯುತ್ತಿರುವ ನನಗೆ ಇದು ನಿತ್ಯದ ತಲೆನೋವು. ಹತ್ತು ಮನೆಯವರು ಒಂದೇ ವೈಫೈ ಡಬ್ಬಿಗೆ ಜೋತುಬೀಳುತ್ತಾರೆ, ನಿಧಾನವಾದರೆ ಬೈಸಿಕೊಳ್ಳುವವನು ಮಾತ್ರ ಈ ಸೆಲ್ವರಾಜ್.

ಇದೇ ಲೈನಿನ ಕಲಾ ಮೂರು ವರ್ಷದ ಹಿಂದೆ ಕನೆಕ್ಷನ್ ತೆಗೆದುಕೊಂಡಾಗಲೂ ಇದೇ ಗೋಳಾಯಿತು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಆಸ್ಪತ್ರೆ ಬಿಲ್ಲುಗಳನ್ನು ಟೈಪು ಮಾಡುವ ಕೆಲಸ ಅವಳದು. "ಇಲ್ಲ ಅನ್ನೋಕೆ ಬಾಯಿ ಬರಲ್ಲ ಸೆಲ್ವಣ್ಣ, ನೀವೇ ಏನಾದ್ರೂ ಮಾಡಿ" ಎಂದಳು. ನಾನು ದೊಡ್ಡ ಜಾಣನಂತೆ ಉಪಾಯ ಹೇಳಿದೆ. ಡಬ್ಬಿಯನ್ನು ಮುಂದಿನ ಕೋಣೆಯ ಕಬ್ಬಿಣದ ಬೀರುವಿನೊಳಗೆ ಇಡಿ, ಎದುರಿಗೆ ಕೂತು ಕೆಲಸ ಮಾಡುವಾಗ ಬೀರುವಿನ ಬಾಗಿಲು ಒಂದಿಷ್ಟು ತೆರೆಯಿರಿ, ಕಬ್ಬಿಣ ಸಿಗ್ನಲನ್ನು ಆಚೆಗೆ ಬಿಡುವುದಿಲ್ಲ ಅಂತ. ಪಕ್ಕದ ಮನೆಯ ಅನಸೂಯಮ್ಮನ ಸೀರಿಯಲ್ಲು ಅವತ್ತೇ ನಿಂತಿತು. ಪಾಸ್‌ವರ್ಡ್ ಕೊಟ್ಟ ಹಾಗೂ ಆಯಿತು, ಕೆಲಸಕ್ಕೆ ತೊಂದರೆಯೂ ತಪ್ಪಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವಳ ಗಂಡ ಅಂಬರೀಶ್ ಗಣಿ ಮುಚ್ಚುವವರೆಗೆ ಅಲ್ಲೇ ಕೆಲಸಕ್ಕಿದ್ದವನು. ಆಮೇಲೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದ. ಕನೆಕ್ಷನ್ ಹಾಕಿದ ಮರುವರ್ಷ ಅವನಿಗೆ ಲಕ್ವ ಹೊಡೆಯಿತು. ಹದಿನಾರು ತಿಂಗಳು ಹಿಂದಿನ ಕೋಣೆಯ ಮಂಚದ ಮೇಲಿದ್ದು, ಹೋದ ಆಷಾಢದ ಒಂದು ಮಧ್ಯಾಹ್ನ ತೀರಿಕೊಂಡ. ಆಗ ಕಲಾ ಮುಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದಳು.

ಅವಳು ಅಳಲಿಲ್ಲ. ಹೆಣ ಮನೆಯಲ್ಲಿರುವಾಗಲೇ ಲ್ಯಾಪ್‌ಟಾಪ್ ತೆರೆದು ರಜೆ ಕೇಳಿ ಮೇಲ್ ಕಳಿಸಿದಳು. ಲೈನಿನವರು ಕಲ್ಲು ಎಂದರು. ನನಗೂ ಸಿಟ್ಟು ಬಂದಿತ್ತು, ಯಾಕೆ ಸುಳ್ಳು ಹೇಳಲಿ. ಹನ್ನೊಂದನೇ ದಿನದ ಊಟಕ್ಕೆ ಹೋದಾಗ "ಸಾರು ಆಕ್ಲಾ ಸೆಲ್ವಣ್ಣ?" ಎಂದು ಅವಳು ಕೇಳಿದಳು. ಹೋಟೆಲಿನವರು ಕೇಳಿದ ಹಾಗಿತ್ತು.

ಹೋದ ವಾರ ಫೋನ್ ಮಾಡಿದಳು. ಮೀಟಿಂಗಿನಲ್ಲಿ ಅವಳ ಮಾತು ತುಂಡು ತುಂಡಾಗಿ ಕೇಳಿಸುತ್ತಿದೆಯಂತೆ. ಸೋಮವಾರದೊಳಗೆ ಹೊಸ ವೈಫೈ ಸಿಕ್ಸ್ ಡಬ್ಬಿ ಹಾಕಿಸಿಕೋ, ಇಲ್ಲವಾದರೆ ದಿನಾ ಆಫೀಸಿಗೆ ಬಾ ಎಂದು ಕಂಪನಿಯವರು ಹೇಳಿದ್ದಾರಂತೆ. ಆಫೀಸೆಂದರೆ ಕತ್ತಲಲ್ಲೇ ಎದ್ದು ರೈಲು ಹಿಡಿಯಬೇಕು, ಕತ್ತಲಾದ ಮೇಲೆ ಮನೆ ಸೇರಬೇಕು.

"ನಿಮ್ಗೆ ಯಾವುದು ಬೇಕಮ್ಮ?" ಎಂದೆ.

"ಯಾವ್ದಾದ್ರೂ ಸರಿ. ಎಲ್ಡೂ ಒಂದೇ."

ಐವತ್ತರ ಹತ್ತಿರದ ಹೆಂಗಸು, ಬದುಕೇ ಬದಲಾಗುವ ಮಾತನ್ನು ಹೀಗೆ ಹೇಳಿದರೆ ಮೈ ಉರಿಯುವುದಿಲ್ಲವೇ? ಹೊಸ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಹೋದೆ. ಮಾರಾಟ ಆದರೆ ನನಗೇ ಲಾಭ, ಆದರೂ ಹಳೆಯದನ್ನು ಪರೀಕ್ಷೆ ಮಾಡದೆ ಹೊಸದನ್ನು ಹಾಕುವವನಲ್ಲ ನಾನು. ಬೀರು ತೆರೆದು, ಸೀರೆಗಳ ನಡುವೆ ಕಾದು ಬಿಸಿಯಾಗಿದ್ದ ಡಬ್ಬಿಯನ್ನು ಹೊರಗೆ ತೆಗೆದೆ. ಎರಡು ಕೋಣೆಗಳ ನಡುವಿನ ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದೆ. ಫೋನು ಹಿಡಿದು ಅಳೆದರೆ ವೇಗ ಮೂರು ಪಟ್ಟು! ಹಿಂದಿನ ಕೋಣೆಗೆ ಹೋದೆ. ಮಂಚ ಹಾಗೇ ಇತ್ತು, ಹಾಸಿಗೆ ಸುತ್ತಿಟ್ಟಿತ್ತು. ಅಲ್ಲೂ ಫುಲ್ ಸಿಗ್ನಲ್.

"ಹೊಸದು ಬೇಕಾಗೇ ಇಲ್ಲ ಬನ್ನಿ! ಹಳೇದೇ ಧಾರಾಳವಾಗಿ ಸಾಕು. ಬೀರುವಿಂದ ಈಚೆಗೆ ತೆಗೆದಿದ್ದಷ್ಟೆ, ಮನೆಯೆಲ್ಲಾ ಬರ್ತಿದೆ ನೋಡಿ" ಎಂದು ಕೂಗಿದೆ. ದುಡ್ಡು ಉಳಿಸಿಕೊಟ್ಟೆನೆಂಬ ಖುಷಿ ನನಗೆ.

ಕಲಾ ಬಾಗಿಲಲ್ಲಿ ನಿಂತು ನನ್ನ ಫೋನನ್ನೇ ನೋಡಿದಳು. "ಈ ರೂಮಲ್ಲೂ ಬರ್ತದಾ?"

"ಬರ್ತದಲ್ಲ."

"ಅವ್ರು ದಿನಾ ಅನ್ನೋರು. ಇಲ್ಲೇ ಮಂಚದ್ ತಾವ ಕೂತ್ಕೊಂಡು ಕೆಲ್ಸ ಮಾಡೇ ಅಂತ. ಬಾಯಿ ಸರಿಯಾಗಿ ತಿರುಗ್ತಿರ್ಲಿಲ್ಲ, ಆದ್ರೂ ಅನ್ನೋರು. ನೆಟ್ಟು ಈ ರೂಮ್ಗೆ ಬರಲ್ಲ ಅಂತಿದ್ದೆ ನಾನು."

ಬೀರುವಿನ ಉಪಾಯ ಹೇಳಿದವನು ನಾನು. "ಆಗ ನಿಜವಾಗ್ಲೂ ಬರ್ತಿರ್ಲಿಲ್ಲಮ್ಮ. ನೀವು ಸುಳ್ಳು ಹೇಳಿಲ್ಲ. ತಪ್ಪು ನನ್ನದು, ಬೀರುವಿನಲ್ಲಿ ಇಡಿ ಅಂದಿದ್ದು ನಾನು" ಎಂದೆ.

"ನಿಮ್ದೇನಿಲ್ಲ." ಅವಳು ಮಂಚದ ಅಂಚಿಗೆ ಕೂತಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಇಲ್ಲಿ ಔಸ್ದಿ ವಾಸ್ನೆ. ಉಚ್ಚೆ ವಾಸ್ನೆ. ಮುಂದಿನ ರೂಮಲ್ಲಿ ದಿನಕ್ಕೆ ಎಂಟು ಗಂಟೆ ನಂಗೆ ಬಿಡುವು. ನೀವು ಎಲ್ಡು ಸಲ ರಿಪೇರಿಗೆ ಬಂದ್ರಲ್ಲ, ಅವಾಗ ಅವ್ರು ಇಲ್ಲೇ ಮಲ್ಗಿದ್ರು. ಇಲ್ಲಿಗೂ ಬರೋ ಅಂಗೆ ಮಾಡಿ ಸೆಲ್ವಣ್ಣ ಅಂತ ನಾನು ಒಂದು ಮಾತು ಅನ್ಬೋದಾಗಿತ್ತು."

ಹೊಸ ಡಬ್ಬಿಯನ್ನು ನಾನು ಮತ್ತೆ ಕಂಕುಳಿಗೆ ಸೇರಿಸಿದೆ. ಎರಡು ಸಲವೂ ಬಂದು ಹೋದದ್ದು ನನಗೆ ಚೆನ್ನಾಗಿ ನೆನಪಿತ್ತು. ಒಳಗಿಂದ ಅಂಬರೀಶ್ ಏನೋ ಕೂಗಿದ್ದ, ಅರ್ಥವಾಗಿರಲಿಲ್ಲ.

"ನಿಮ್ಮನ್ನ ಕೇಳ್ಲೇ ಇಲ್ಲ ಕಣಣ್ಣ ನಾನು" ಎಂದಳು ಕಲಾ.