ಎಡಬದಿಯ ಐದು ಮನೆ

ಇಟಲಿಯ ಫೆರ್ಮೊ ಊರಿನ ನಮ್ಮ ಶೂ ಕಾರ್ಖಾನೆಯಲ್ಲಿ ಲೊರೆಲ್ಲಾ ಮೂವತ್ನಾಲ್ಕು ವರ್ಷ ಪ್ರೋಗ್ರಾಂ ಬರೆದಳು, ಎಲ್ಲವೂ ಆರ್‌ಪಿಜಿ ಭಾಷೆಯಲ್ಲಿ. ವ್ಯಾಪಾರದ ಕೆಲಸಕ್ಕೆಂದೇ ಹುಟ್ಟಿದ ಭಾಷೆ ಅದು. ಪಕ್ಕದ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ಕೂತವನು ನಾನು. ಬೆಳಿಗ್ಗೆ ಬಂದವಳೇ ಕನ್ನಡಕ ಒರೆಸಿಕೊಂಡು ನನ್ನ ತಪ್ಪು ಹುಡುಕಲು ಕೂರುತ್ತಿದ್ದಳು.

ಆ ಭಾಷೆಯ ಹಳೆಯ ರೀತಿಯಲ್ಲಿ ಪ್ರತಿ ಸಾಲಿನ ಎಡಕ್ಕೆ ಒಂದೊಂದು ಅಕ್ಷರ ಹಿಡಿಯುವ ಐದು ಮನೆ ಖಾಲಿ. ಯಂತ್ರ ಅವನ್ನು ಓದುವುದಿಲ್ಲ. ಸಾಲು ತಿದ್ದಿದವರು ಅಲ್ಲಿ ತಮ್ಮ ಹೆಸರಿನ ಗುರುತು, ಇಸವಿ ಹಾಕುವುದು ನಮ್ಮಲ್ಲಿ ರೂಢಿ.

ಹೋದ ಮಾರ್ಚಿನಲ್ಲಿ ಹಸಿರಕ್ಷರದ ಕಪ್ಪು ಪರದೆ ಹೋಗಿ ಐಡಿಇ ಬಂತು. ಬರೆಯುವುದು, ತಪ್ಪು ಹಿಡಿಯುವುದು, ಓಡಿಸಿ ನೋಡುವುದು ಎಲ್ಲ ಒಂದೇ ಕಿಟಕಿಯಲ್ಲಿ. ಅದರಲ್ಲೊಂದು ಗುಂಡಿ ಒತ್ತಿದರೆ ಹಳೆಯ ಸಾಲುಗಳು ಹೊಸ ರೀತಿಗೆ ತಿರುಗುತ್ತವೆ, ಎಡಬದಿಯ ಗುರುತುಗಳು ಅಳಿಸಿಹೋಗುತ್ತವೆ. ಲೊರೆಲ್ಲಾ ಒಂದೇ ವಾರದಲ್ಲಿ ನಾನೂರು ಪ್ರೋಗ್ರಾಂ ತಿರುಗಿಸಿದಳು. ಪೆಟ್ಟಿಗೆಯ ಚೀಟಿ ಮುದ್ರಿಸುವ ಪ್ರೋಗ್ರಾಂ ಬಂದಾಗ ಅವಳ ಕೈ ನಿಂತಿತು.

"ಒತ್ರೀ, ಅದೇನ್ ಕಚ್ಚುತ್ತಾ?" ಎಂದೆ.

"ಸುಮ್ನಿರೋ," ಎಂದು ಪರದೆ ತೋರಿಸಿದಳು. ಒಂದು ಸಾಲಿನ ಎಡಕ್ಕೆ 'ಎಜಿ91' ಎಂದಿತ್ತು. "ಇದು ಎಜಿದಿಯೊ ಬರೆದಿದ್ದಲ್ಲ, ನಾನು ಬರೆದಿದ್ದು. ಅವರ ಸಾಲನ್ನ ನಕಲು ಮಾಡಿ ತಿದ್ದಿದೆ. ಗುರುತು ಬದಲಾಯಿಸೋದು ಮರೆತೆ."

ತೊಂಬತ್ತೊಂದರ ಆ ಕಥೆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೇಳರ ಅಳತೆಯ ಶೂ ಪೆಟ್ಟಿಗೆಗಳಿಗೆ ಮೂವತ್ತೆಂಟರ ಚೀಟಿ ಬಿದ್ದು, ಜರ್ಮನಿಗೆ ಹೋದ ಲಾರಿ ಹಾಗೇ ವಾಪಸಾಗಿತ್ತು. ತಪ್ಪಿದ್ದ ಸಾಲಿನ ಎಡಕ್ಕೆ ಎಜಿದಿಯೊನ ಗುರುತು. ಲೊರೆಲ್ಲಾಗೆ ಕೆಲಸ ಕಲಿಸಿದವನೇ ಅವನು. ಅವನನ್ನು ಗೋದಾಮಿಗೆ ಹಾಕಿದರು, ನಿವೃತ್ತಿಯವರೆಗೂ ಅಲ್ಲೇ ಇದ್ದ.

"ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತೇ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಬಾಯಿ ಬಿಡ್ಲಿಲ್ಲ. ಈಗ ಇದನ್ನ ಒತ್ತಿದ್ರೆ ಎಲ್ಲಾ ಮುಗೀತು, ನೋಡು."

ನನಗೆ ಮೈ ಉರಿಯಿತು. ನನ್ನ ಒಂದು ಚುಕ್ಕೆ ತಪ್ಪಿದರೂ ಬಿಡದವಳು ಇವಳೇ ತಾನೇ! ಆದರೂ ಅವಳು ಆ ಪುಟ ಮುದ್ರಿಸಿಕೊಂಡು ಹೊರಟಾಗ ಜೊತೆಗೆ ಹೋದೆ.

ಎಜಿದಿಯೊ ದಿನಾ ಹನ್ನೊಂದಕ್ಕೆ ಚೌಕದ ಕಾಫಿ ಅಂಗಡಿಗೆ ಬರುತ್ತಾನೆ. ಕಾರಿಗೆ ಬೀಗ ಹಾಕಿ ಒಳಗೆ ಬಂದವನು ಮತ್ತೆ ಹೋಗಿ ಹಿಡಿಕೆ ಎಳೆದು ನೋಡುತ್ತಾನೆ, ಸಮಾಧಾನವಾಗದೆ ಇನ್ನೊಮ್ಮೆ ಹೋಗುತ್ತಾನೆ. ಊರೇ ಇದಕ್ಕೆ ಅವನನ್ನು ಗೇಲಿ ಮಾಡುತ್ತದೆ, ನಾನೂ ಮಾಡಿದ್ದೇನೆ. ಅವತ್ತೂ ಎರಡು ಸಲ ಹೋಗಿ ನೋಡಿ ಬಂದು ಕೂತ.

ಲೊರೆಲ್ಲಾ ಎಲ್ಲ ಹೇಳಿದಳು. ಅವನು ಹಾಳೆಯ ಮೇಲೆ ಬೆರಳಿಟ್ಟು ಆ ಸಾಲು ಓದಿದ.

"ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ," ಎಂದಳು. "ನನ್ನ ಉಳಿಸೋಕೆ ಸುಮ್ನಿದ್ರಿ ಅಂತ."

"ಉಳಿಸೋದಾ? ನನ್ನ ಗುರುತಿತ್ತಲ್ಲೇ, ನಂಬಿದೆ. ನಾನೇ ಮಾಡಿ ಮರ್ತಿದೀನಿ ಅಂದ್ಕೊಂಡೆ. ಅವತ್ತಿಂದ ನನ್ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಲೊರೆಲ್ಲಾ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಅಂಚೆ ಕಚೇರಿಯ ಕಡೆಗೆ ನಡೆಯುತ್ತಾ ಕಾರಿನ ಪಕ್ಕದಲ್ಲೇ ಹಾದುಹೋದ. ಹಿಡಿಕೆ ಎಳೆದು ನೋಡಲಿಲ್ಲ.