ಆಡು ಒಲ್ಲೆಂದ ಎಲೆ

ಸಿದ್ದಕ್ಕನಷ್ಟು ಹಟಮಾರಿ ಹೆಂಗಸನ್ನು ಮುಧೋಳದಲ್ಲಿ ನಾನು ಬೇರೆ ಕಂಡಿಲ್ಲ. ಬೇಸಿಗೆಗೆ ಮನುಷ್ಯರೇ ಬಾಡಿಹೋಗುವ ಈ ಊರಿನಲ್ಲಿ, ಮಳೆಕಾಡಿನಲ್ಲಿರಬೇಕಾದ ಅಗಲ ಎಲೆಯ ಗಿಡಗಳನ್ನು ಆಕೆ ಪಡಸಾಲೆಯಲ್ಲಿ ಸಾಕಿದ್ದಳು. ಕಿಟಕಿಗೆ ಒದ್ದೆ ಗೋಣಿತಟ್ಟು, ಬಣ್ಣದ ಹಳೆಯ ಡಬ್ಬಿಗಳೇ ಕುಂಡ, ಚೆನ್ನಾಗಿ ಒಣಗಿಸಿದ ಕುರಿಹಿಕ್ಕೆಯೇ ಗೊಬ್ಬರ. ದಿನಾ ಬೆಳಿಗ್ಗೆ ಒಂದೊಂದು ಎಲೆಯನ್ನೂ ಮೊಮ್ಮಗಳ ಮುಖ ಒರೆಸಿದಂತೆ ಒರೆಸುವಳು. ಪಕ್ಕದ ಮನೆಯವಳಾದ ನನಗೆ ಒಂದು ಬಳ್ಳಿಯ ತುಂಡು ಕೊಡಲು ಮಾತ್ರ ಕೈ ಬರುತ್ತಿರಲಿಲ್ಲ!

ರನ್ನ ಬೆಳಗಲಿಯಲ್ಲಿ ಹುಟ್ಟಿ, ಮದುವೆಯಾದ ಮೇಲೂ ಕುರಿ ಕಾಯ್ದವಳು ಆಕೆ. ಮಗ ಯಲ್ಲಾಲಿಂಗ ನೌಕರಿ ಹಿಡಿದು ಇಲ್ಲಿ ಮನೆ ಮಾಡಿದ ಮೇಲೆ ಹಿಂಡು ಹೋಗಿ ಹಿತ್ತಲಲ್ಲಿ ಒಂದೇ ಒಂದು ಆಡು ಉಳಿಯಿತು. ಅಡವಿಯ ರೂಢಿ ಮಾತ್ರ ಬಿಡಲಿಲ್ಲ. ಗುರುತಿಲ್ಲದ ಸೊಪ್ಪು ಕಂಡರೆ ಮೊದಲು ಆಡಿಗೆ ಹಿಡಿಯಬೇಕು, ಆಮೇಲೆ ತಾನೂ ಒಂದು ಚೂರು ಕಚ್ಚಿ ನೋಡಬೇಕು. ರುಚಿ ಗೊತ್ತಾದರೇನೇ ಆಕೆಗೆ ಗಿಡದ ಪರಿಚಯವಾದಂತೆ.

ಯುಗಾದಿ ಮುಗಿದ ಒಂದು ಭಾನುವಾರ ಸೊಸೆ ಅನುರಾಧಾ ಜಮಖಂಡಿಯ ನರ್ಸರಿಯಿಂದ ಹೊಸ ಗಿಡ ತಂದು ಪಡಸಾಲೆಯಲ್ಲಿಟ್ಟಳು. ದಪ್ಪ ದಂಟು, ಹಸಿರು ಎಲೆಯ ನಡುವೆ ಹಾಲು ಚೆಲ್ಲಿದಂತೆ ಬಿಳುಪು. ನಾನು ಚಹಾಕ್ಕೆಂದು ಹೋಗಿದ್ದೆ. ಸಿದ್ದಕ್ಕ ಒಂದು ಎಲೆ ಮುರಿದು ಆಡಿನ ಮುಂದೆ ಹಿಡಿದಳು. ಅದು ಮೂಸಿ ಮುಖ ತಿರುಗಿಸಿತು.

“ಆಡು ಮುಟ್ಟದ ಸೊಪ್ಪಿಲ್ಲ ಅಂತಾರ. ಇದಕ್ಕೇನ ಧಾಡಿ ಆಗೇತಿ?” ಎಂದವಳೇ ಪಡಸಾಲೆಗೆ ಬಂದು ತಾನೇ ಕಚ್ಚಿ ಜಗಿದಳು.

“ಆಡಿಗಿಂತ ನೀವ ಛಲೋ ಬಿಡ್ರಿ,” ಎಂದು ನಾನು ನಕ್ಕೆ.

ನನ್ನ ನಗು ಮುಗಿಯುವ ಮುಂಚೆಯೇ ಆಕೆ ಥೂ ಥೂ ಎಂದು ಉಗುಳಿ ಗಂಟಲು ಹಿಡಿದುಕೊಂಡಳು. ಕಣ್ಣೆದುರೇ ತುಟಿ ಊದಿತು, ನಾಲಿಗೆ ದಪ್ಪಗಾಯಿತು, ಮಾತು ನಿಂತೇಹೋಯಿತು. ಯಲ್ಲಾಲಿಂಗ ಆಟೋ ತರಲು ಓಡಿದ, ಅನುರಾಧಾ ತಣ್ಣೀರಿಗೆಂದು ಒಳಗೆ ಓಡಿದಳು. ನಾನು ಸಿದ್ದಕ್ಕನನ್ನು ಅವುಚಿ ಹಿಡಿದು ಕೂತೆ.

ಆಕೆ ನನ್ನ ಬೆನ್ನ ಹಿಂದೆ ನೋಡುತ್ತಾ, ಬಾಯಿ ತೆರೆದರೂ ಧ್ವನಿ ಹೊರಡದೆ ಕೊಸರಾಡಿದಳು. ನೋವಿಗೆ ಹಾಗೆ ಮಾಡುತ್ತಾಳೆಂದು ನಾನು ಇನ್ನೂ ಬಿಗಿಯಾಗಿ ಹಿಡಿದೆ. ನನ್ನನ್ನು ಕೆಡವಿದಳು ನೋಡಿ! ನಾನು ಅಂಗಾತ ಬಿದ್ದೆ. ಗಿಡಗಳಿಗೆಂದು ಇಟ್ಟಿದ್ದ ನೀರಿನ ತಂಬಿಗೆ ಎತ್ತಿ ಆಕೆ ಬೀಸಿ ಒಗೆದಳು. ಅದು ಹೊಸ ಗಿಡದ ಕುಂಡಕ್ಕೆ ಬಡಿದು ಮಣ್ಣೆಲ್ಲ ಚೆಲ್ಲಿತು. ಗಿಡದ ಪಕ್ಕದಲ್ಲಿದ್ದ ಮೊಮ್ಮಗಳು, ಈಗಷ್ಟೇ ನಡೆಯಲು ಕಲಿತಿದ್ದ ಪೂನಮ್, ಬೆಚ್ಚಿ ಧೊಪ್ಪನೆ ಬಿದ್ದು ಮನೆ ಹಾರಿಹೋಗುವಂತೆ ಕಿರುಚಿದಳು.

ಅನುರಾಧಾ ಓಡಿಬಂದಳು. “ಅತ್ತಿ! ಕೂಸಿಗಿ ಹೊಡದ್ರೇನ್ರೀ?”

ಸಿದ್ದಕ್ಕ ಅಂಬೆಗಾಲಿಟ್ಟು ಹೋಗಿ ಕೂಸಿನ ಮುಷ್ಟಿ ಬಿಡಿಸಿದಳು. ಒಳಗೆ ಅದೇ ಗಿಡದ ಎಲೆ, ಅರ್ಧ ಹರಿದದ್ದು. ಅಜ್ಜಿ ಮಾಡಿದ್ದನ್ನು ನೋಡಿ ತಾನೂ ಕಿತ್ತುಕೊಂಡಿತ್ತು.

“ತಿಂದಾಳೇನ? ಯವ್ವಾ, ತಿಂದಾಳೇನ?” ಅನುರಾಧಾ ನನ್ನ ಭುಜ ಹಿಡಿದು ಅಲುಗಾಡಿಸಿದಳು. ನನಗೇನು ಗೊತ್ತು! ಕೂಸು ಇನ್ನೂ ಜೋರಾಗಿ ಅಳುತ್ತಿತ್ತು. ಸಿದ್ದಕ್ಕ ಆ ಅಳು ಕೇಳುತ್ತಾ, ಊದಿದ ಬಾಯಲ್ಲಿ ಜೊಲ್ಲು ಸುರಿಸುತ್ತಾ, ನಗುತ್ತಿದ್ದಳು. ವಿಷ ತಲೆಗೇರಿತೆಂದೇ ನಾನು ತಿಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರ ಬಾಯನ್ನೂ ನೋಡಿದರು. ಕೂಸಿನ ಬಾಯಿಗೆ ಏನೂ ಆಗಿರಲಿಲ್ಲ. ಅಜ್ಜಿಗೆ ಇಂಜೆಕ್ಷನ್ ಕೊಟ್ಟು ಅಲ್ಲೇ ಇರಿಸಿಕೊಂಡರು. ಯಲ್ಲಾಲಿಂಗ ಮನೆಗೆ ಬಂದು ಮೊದಲು ಆ ಗಿಡವನ್ನು ಕಿತ್ತೆಸೆದ.

ಆಕೆಗೆ ಮಾತು ಮರಳಿದ ಮೇಲೆ ನಾನು ಕೇಳಿಯೇಬಿಟ್ಟೆ. “ಸಿದ್ದಕ್ಕ, ನಮ್ಮ ಜೀವಾ ಹೋಗಾಕತ್ತಿತ್ತು. ನೀವ್ಯಾಕ ನಕ್ಕ್ರಿ?”

“ಕೂಸು ಅಷ್ಟ ಜೋರ ಅಳಾಕತ್ತಿತ್ತಲ್ಲ ತಂಗಿ,” ಎಂದಳು. “ಆ ಎಲಿ ತಿಂದ ಬಾಯಿಂದ ಧ್ವನಿ ಹೊಂಡೂದಿಲ್ಲಂತ ಅವತ್ತ ಮನ್ಯಾಗ ನನಗೊಬ್ಬಾಕಿಗೆ ಗೊತ್ತಿತ್ತು.”