ತುದಿಗಾಲಿನ ಬೂಟು

ಮೊನ್ನೆ ದಾವಣಗೆರೆಗೆ ಹೋಗಲೆಂದು ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಒಬ್ಬಾತ ಗೋಡೆಗೆ ಟ್ಯೂಷನ್ನಿನ ಪೋಸ್ಟರ್ ಅಂಟಿಸುತ್ತಿದ್ದ. ಅವನ ಬಕೆಟ್ಟಿನಲ್ಲಿ ಆಗಷ್ಟೇ ಕುದಿಸಿ ತಂದ ಮೈದಾ ಅಂಟು, ಇನ್ನೂ ಹಬೆಯಾಡುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಬಸ್ಸು ಬಂತು, ಜನರನ್ನು ತುಂಬಿಕೊಂಡು ಹೋಯಿತು. ನಾನು ಮಾತ್ರ ಬೆಪ್ಪಾಗಿ ಅಲ್ಲೇ ನಿಂತಿದ್ದೆ. ನನ್ನ ಕಣ್ಣ ಮುಂದೆ ಚಪ್ಪಲಿ ಅಜ್ಜ ಕೂತಿದ್ದರು...

ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನ ಮೆಟ್ಟಿಲ ಕೆಳಗೆ ಅವರ ಅಂಗಡಿ. ಅಂಗಡಿ ಅಂದರೆ ಏನು ಮಹಾ! ಒಂದು ಗೋಣಿತಟ್ಟು, ಒಂದು ಸುತ್ತಿಗೆ, ಚರ್ಮ ಚುಚ್ಚುವ ಆರಿ, ನೀರು ತುಂಬಿದ ಡಬ್ಬಿ. ನಾನಾಗ ತೆಲಿಗಿಯಿಂದ ಬಸ್ಸಿನಲ್ಲಿ ಹೈಸ್ಕೂಲಿಗೆ ಬರುತ್ತಿದ್ದೆ. ನನ್ನ ಎಡಗಾಲು ಹುಟ್ಟಿನಿಂದಲೇ ಗಿಡ್ಡ, ಹಿಮ್ಮಡ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬೆರಳ ತುದಿಯ ಮೇಲೆಯೇ ನಡೆಯಬೇಕು. ಯಾವ ಚಪ್ಪಲಿಯೂ ಆ ಕಾಲಿನಲ್ಲಿ ನಿಲ್ಲದು. ಬಸ್ ಇಳಿದು ಶಾಲೆ ಮುಟ್ಟುವುದರೊಳಗೆ ಎಲ್ಲಾದರೂ ಒಂದು ಕಡೆ ಬೀಳುವುದು ಇದ್ದೇ ಇತ್ತು.

ಒಂದು ದಿನ ಅವ್ವ ಜೊತೆಯಲ್ಲಿದ್ದಾಗಲೇ ಬಿದ್ದು ಮೊಣಕಾಲು ಒಡೆದುಕೊಂಡೆ. ಅವ್ವ ಸೆರಗಿನಿಂದ ರಕ್ತ ಒರೆಸುತ್ತಾ, "ಸಾಕು ಬಿಡವ್ವ, ಇನ್ನ ಸಾಲಿ ಬ್ಯಾಡ. ಮನ್ಯಾಗ ಇರು" ಅಂದಳು. ಶಾಲೆ ಬಿಡುವುದೇ? ಅಜ್ಜನ ಗೋಣಿತಟ್ಟಿನ ಪಕ್ಕದಲ್ಲೇ ಕೂತು ಗೊಳೋ ಎಂದು ಅತ್ತೆ.

ಅಜ್ಜ ಹೊಲಿಯುತ್ತಿದ್ದುದನ್ನು ಕೆಳಗಿಟ್ಟರು. ಕಾಲಿಗೆ ಏನಾಗಿದೆ ಎಂದು ಕೇಳಲಿಲ್ಲ. ಸುಮ್ಮನೆ ನನ್ನ ಪಾದವನ್ನು ಎತ್ತಿ ತಮ್ಮ ಮಂಡಿಯ ಮೇಲಿಟ್ಟುಕೊಂಡರು.

"ಯಾಕ ಅಳ್ತಿ ಯವ್ವಾ? ಪರದೇಶದಾಗ ಹೆಣ್ಮಕ್ಕಳು ಹಿಂಗ ನಿಲ್ಲಾಕ ವರ್ಷಗಟ್ಲೆ ಒದ್ದಾಡ್ತಾರ. ನಿಂತ್ರಂದ್ರ ಜನ ಚಪ್ಪಾಳಿ ಹೊಡೀತಾರ. ಬ್ಯಾಲೆ ಅಂತಾರ ಅದಕ್ಕ."

ಅಳು ನಿಂತೇ ಹೋಯಿತು. ಹರೆಯದಲ್ಲಿ ಅಜ್ಜ ಬೊಂಬಾಯಿಗೆ ದುಡಿಯಲು ಹೋಗಿ ಬೂಟಿನ ಕಾರ್ಖಾನೆಯೊಂದನ್ನು ಸೇರಿದ್ದರಂತೆ. ಈ ಬ್ಯಾಲೆ ನಾಟ್ಯ ಕಲಿಸುವ ಹೆಂಗಸರು ವಿಲಾಯಿತಿಯ ಗುಲಾಬಿ ಬೂಟು ಹರಿದಾಗ ಅಲ್ಲಿಗೆ ತರುತ್ತಿದ್ದರು. ಕಾರ್ಖಾನೆಯಲ್ಲಿ ಕೆಲಸ ಕಲಿಸುತ್ತಿದ್ದ ಉಸ್ತಾದರು ಅದನ್ನು ಬಿಚ್ಚಿ ಪದರ ಪದರವಾಗಿ ತೋರಿಸುತ್ತಾ ಕತೆ ಹೇಳುತ್ತಿದ್ದರಂತೆ. ಬಹಳ ಹಿಂದೆ ಆ ಪರದೇಶದವರು ಎತ್ತರದ ಹಿಮ್ಮಡದ ಬೂಟು ಮೆಟ್ಟಿ ಕುಣಿಯುತ್ತಿದ್ದರು. ಯಾರೋ ಒಬ್ಬಾಕೆ ಧೈರ್ಯ ಮಾಡಿ ಹಿಮ್ಮಡವನ್ನೇ ಕಿತ್ತೊಗೆದಳು. ಆಮೇಲೆ ರೇಷ್ಮೆಯ ತೆಳು ಬೂಟು ಬಂತು. ತುದಿ ಗಟ್ಟಿಯಾಗಲೆಂದು ಕುಣಿಯುವವರೇ ಸೂಜಿ ದಾರ ಹಿಡಿದು ಹೊಲಿದುಕೊಳ್ಳುತ್ತಿದ್ದರು. ಕೊನೆಗೆ ಇಟಲಿಯ ಕಡೆ ಬೂಟು ಮಾಡುವವರು ಬಟ್ಟೆಯ ಮೇಲೆ ಬಟ್ಟೆಯಿಟ್ಟು, ಅಂಟು ಬಳಿದು ಒಣಗಿಸಿ, ತುದಿಯನ್ನು ತೆಂಗಿನ ಚಿಪ್ಪಿನಷ್ಟು ಗಟ್ಟಿ ಮಾಡಿದರು. ಆ ಬೂಟಿಗೆ ಎಡ ಬಲ ಎಂಬುದೇ ಇಲ್ಲವಂತೆ! ಇದೆಲ್ಲ ಉಸ್ತಾದರಿಗೆ ಯಾರು ಹೇಳಿದ್ದರೋ... ನಾನಂತೂ ಬಾಯಿ ತೆರೆದುಕೊಂಡು ಕೇಳುತ್ತಿದ್ದೆ.

"ಅಲ್ಲಿ ಬೂಟು ಮಾಡಾವ ಒಂದ್ ಊರಾಗ, ಕುಣಿಯಾಕಿ ಇನ್ನೊಂದ್ ಊರಾಗ. ಜೀವಮಾನ ಪೂರ್ತಿ ಆಕಿಗೇ ಬೂಟು ಮಾಡಿದ್ರೂ ಆಕಿ ಮುಖ ನೋಡಿರಂಗಿಲ್ಲ. ನನಗ ಆ ತ್ರಾಸಿಲ್ಲ, ನೀನು ಕಣ್ಮುಂದ ಅದೀ" ಎಂದು ನಕ್ಕರು. ಅವ್ವನ ಕಡೆ ತಿರುಗಿ, "ಎಂಟು ದಿನ ತಡೀಯವ್ವಾ. ಆಮ್ಯಾಲ ಸಾಲಿ ಬಿಡಿಸುವಂತಿ" ಅಂದರು. ಅವ್ವ ಅರೆಮನಸ್ಸಿನಿಂದ ಹೂಂಗುಟ್ಟಿದಳು.

ಅವ್ವನ ಹಳೇ ಸೀರೆಯ ತುಂಡು, ಮೈದಾ ಅಂಟು, ಹಿಮ್ಮಡ ಊರಲು ಒಳಗೊಂದು ಬೆಂಡು, ಕೆಳಭಾಗಕ್ಕೆ ಚರ್ಮ. ಕಾಲಿಗೆ ಕಟ್ಟಿಕೊಳ್ಳಲು ನನ್ನ ಜಡೆಯ ಕೆಂಪು ರಿಬ್ಬನ್. ಬೂಟು ಸಿದ್ಧವಾಯಿತು, ಒಣಗಲು ಇಟ್ಟರು. ಮರುದಿನ ಆಸೆಯಿಂದ ಓಡೋಡಿ ಬಂದರೆ ತುದಿಯನ್ನು ಇಲಿ ತಿಂದುಹಾಕಿತ್ತು! ಅಜ್ಜ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಥೂ ಇದರ! ಆ ದೇಶದಾಗ ಇಲಿನೇ ಇಲ್ಲೇನು ಮತ್ತ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಟಿಗೆ ಮೈಲುತುತ್ತ ಬೆರೆಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಇಲಿ ಹತ್ತಿರ ಸುಳಿಯಲಿಲ್ಲ.

ಆ ಬೆಳಿಗ್ಗೆಯನ್ನು ಹೇಗೆ ಹೇಳಲಿ... ಎಳೆಬಿಸಿಲು, ಮಿರ್ಚಿ ಕರಿಯುವ ಎಣ್ಣೆಯ ಹೊಗೆ, ಅದರ ನಡುವೆ ನಾನು. "ನಡಿ ನೋಡೂಣು" ಅಂದರು ಅಜ್ಜ. ನಡೆದೆ. ಎಡಗಾಲಿಗೂ ನೆಲಕ್ಕೂ ಮೊದಲ ಬಾರಿ ಸ್ನೇಹವಾದಂತಿತ್ತು. ಟೀ ಅಂಗಡಿ ದಾಟಿದೆ, ಚರಂಡಿಯ ಕಲ್ಲು ದಾಟಿದೆ, ಬೀಳಲಿಲ್ಲ. ತೇಲುತ್ತಿದ್ದೇನೋ ಏನೋ, ನನಗೇ ಗೊತ್ತಿಲ್ಲ. ತಿರುಗಿ ನೋಡಿದರೆ ಅಜ್ಜ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಅವ್ವ ಮತ್ತೆಂದೂ ಶಾಲೆ ಬಿಡು ಅನ್ನಲಿಲ್ಲ.

ಕಾಲು ಬೆಳೆದಂತೆಲ್ಲ ಹೊಸ ಬೂಟು ಬರುತ್ತಿತ್ತು. ನಾನು ನೀಲಗುಂದದ ಶಾಲೆಗೆ ಟೀಚರಾಗಿ ಸೇರಿದ ವರ್ಷ ಅಜ್ಜ ತೀರಿಕೊಂಡರು. ಕಾಲಲ್ಲಿದ್ದ ಬೂಟು ಹರಿದ ಮೇಲೆ ಅಂಥದನ್ನು ಮಾಡುವವರು ಯಾರೂ ಸಿಗಲಿಲ್ಲ. ಅಜ್ಜ ಇರುವವರೆಗೆ ನಾನು ಕುಂಟಿ ಎಂಬುದೇ ನನಗೆ ಮರೆತುಹೋಗಿತ್ತು. ಅವರು ಹೋದ ಮೇಲೆ ಜನ ನೆನಪಿಸತೊಡಗಿದರು.

ಮೊನ್ನೆ ಮುಂದಿನ ಬಸ್ಸು ಹಿಡಿದು ದಾವಣಗೆರೆಯ ಆಸ್ಪತ್ರೆಗೆ ಹೋದೆ, ಹೊಸ ಬೂಟಿನ ಅಳತೆಗೆ. ಅಲ್ಲಿಯಾತ ಒಳ್ಳೆಯವನೇ. ನನ್ನ ಪಾದವನ್ನು ಮಿಷಿನ್ನಿನ ಮೇಲೆ ಇರಿಸಿ ಪಟ್ಟಿ ಬಿಗಿದ. ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಾ, "ಯಾವಾಗಿಂದ ಹಿಂಗಾಗೈತ್ರಿ ಮೇಡಂ?" ಎಂದು ಕೇಳಿದ. ಹುಟ್ಟಿನಿಂದ ಎಂದೆ. ಅಷ್ಟರಲ್ಲಿ ಕಣ್ಣು ತುಂಬಿಬಂತು, ಎಷ್ಟು ತಡೆದರೂ ನಿಲ್ಲಲಿಲ್ಲ.

ಆತ ಗಾಬರಿಯಾಗಿ ಪಟ್ಟಿ ಸಡಿಲಿಸಿದ. "ನೋವಾತೇನ್ರಿ?"

"ಹೂನಪ್ಪಾ," ಎಂದೆ, "ನೋವಾತು."